ಕೆರೆಗೆ ಮೊಸಳೆ ಬಂದಿದೆ ಅನ್ನುವ ವಿಡಿಯೋ: ಅದು ಯಾವ ಜಾತಿ, ನಮ್ಮ ಕಡೆಯದು ಯಾವುದು?

ಗುಬ್ಬಿಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲೂಕು. ಈ ವಾರ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ದೊಡ್ಡದೊಂದು ಮೊಸಳೆ ಕೆಸರಿನ ದಡದಿಂದ ಜಾರಿ ನೀರಿಗೆ ಇಳಿಯುತ್ತದೆ, ಕೆಳಗೆ "ನಮ್ಮ ಕೆರೆ, ಹುಷಾರ್" ಅಂತ ಬರೆದಿದ್ದಾರೆ. ಹೇಮಾವತಿ ನೀರು ಬಿಟ್ಟು ಕೆರೆ ತುಂಬಿದೆ, ನಾಲೆಯಲ್ಲೇ ತೇಲಿಕೊಂಡು ಬಂದಿರಬೇಕು ಅಂತ ಜನ ಮಾತಾಡುತ್ತಿದ್ದಾರೆ. ಬಟ್ಟೆ ಒಗೆಯಲು ಯಾರೂ ಹೋಗುತ್ತಿಲ್ಲ, ದನ ಮೈತೊಳೆಯುವುದೂ ನಿಂತಿದೆ. ಇದು ನಿಜ ಇರಬಹುದಾ? ಮಗಳು ಏಳನೇ ಕ್ಲಾಸು, ಮೊಸಳೆಯಲ್ಲಿ ಎಷ್ಟು ಜಾತಿ ಇದೆ ಅಂತ ಬೇರೆ ಕೇಳುತ್ತಿದ್ದಾಳೆ. ಗೊತ್ತಿರುವವರು ದಯವಿಟ್ಟು ಹೇಳಿ.

ತಿಪಟೂರು ತೆಂಗು:
ನಮ್ಮ ಗ್ರೂಪಿಗೂ ಇದೇ ವಿಡಿಯೋ ಬಂದಿದೆ ಅಕ್ಕ, ಆದರೆ ಅದರಲ್ಲಿ ಬೇರೆ ಕೆರೆ ಹೆಸರಿತ್ತು.

ಶಿಂಷಾತೀರ:
ಅಕ್ಕ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅದು ನಮ್ಮ ಜಿಲ್ಲೆಯ ಕೆರೆಯಲ್ಲ. ಮೊಸಳೆಯೂ ನಮ್ಮ ಕಡೆಯ ಜಾತಿಯದ್ದಲ್ಲ.

ಮೊದಲು ಹಿನ್ನೆಲೆ ನೋಡಿ. ಮೊಸಳೆಯ ಹಿಂದೆ ಕೆಸರಿನಿಂದ ಮೇಲಕ್ಕೆ ಎದ್ದು ನಿಂತಿರುವ ಮೊಳೆಮೊಳೆ ಬೇರುಗಳಿವೆ. ಅದು ಕಾಂಡ್ಲಾ ಕಾಡು, ಸಮುದ್ರದ ನೀರು ಏರಿ ಇಳಿಯುವ ಜಾಗದಲ್ಲಿ ಬೆಳೆಯುವಂಥದ್ದು. ನಮ್ಮ ಕೆರೆ ಅಂಗಳದಲ್ಲಿ ಜಾಲಿ, ಹೊಂಗೆ ಬಿಟ್ಟರೆ ಬೇರೇನು ಇರುತ್ತದೆ? ಆಮೇಲೆ ತಲೆ ನೋಡಿ. ಕಣ್ಣಿನ ಮುಂದಿನಿಂದ ಮೂಗಿನ ಕಡೆಗೆ ಎರಡು ಏಣುಗಳು ಇಳಿದಿವೆ. ತಲೆ ಮುಗಿದು ಕತ್ತು ಶುರುವಾಗುವ ಜಾಗ ಹೆಚ್ಚುಕಮ್ಮಿ ನುಣ್ಣಗಿದೆ. ನಮ್ಮ ಕಡೆಯ ಸಿಹಿನೀರಿನ ಮೊಸಳೆ, ಅಂದರೆ ಮಗ್ಗರ್‌ಗೆ ಅಲ್ಲಿ ದಪ್ಪ ಚಕ್ಕೆಗಳ ಒಂದು ಸಾಲು ಎದ್ದು ಕಾಣುತ್ತದೆ. ಉಪ್ಪುನೀರಿನ ಮೊಸಳೆಗೆ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ. ಹಾಗಾಗಿ ಇದು ಉಪ್ಪುನೀರಿನದೇ. ನಮ್ಮ ದೇಶದಲ್ಲಿ ಅದು ಇರುವುದು ಒಡಿಶಾದ ಭಿತರಕನಿಕಾ, ಬಂಗಾಳದ ಸುಂದರಬನ, ಅಂಡಮಾನ್ ನಿಕೋಬಾರ್ ಕಡೆ. ಹೊರಗೆ ಆಸ್ಟ್ರೇಲಿಯಾದ ಉತ್ತರದವರೆಗೂ ಇದೆ. ಕರ್ನಾಟಕದ ಕಾಡಿನಲ್ಲಿ ಇಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. "ಮೊಸಳೆ" ಅಂದ ಕೂಡಲೇ ನಮ್ಮ ತಲೆಗೆ ಬರುವುದು ಟಿವಿಯಲ್ಲಿ ನೋಡಿದ ಆಫ್ರಿಕಾದ್ದೋ ಆಸ್ಟ್ರೇಲಿಯಾದ್ದೋ ಮೊಸಳೆ. ಅದರ ಗುಣವನ್ನೆಲ್ಲ ನಮ್ಮ ಹೊಳೆಯ ಮೊಸಳೆಯ ತಲೆಗೆ ಕಟ್ಟುತ್ತೇವೆ. ಆಮೇಲೆ ಅದು ಪಾಪ ಎಲ್ಲಾದರೂ ಕಂಡರೆ ಕಲ್ಲು ತೆಗೆದುಕೊಂಡು ಓಡುತ್ತೇವೆ. ಯಾವ ಜಾತಿ ಅಂತ ಗೊತ್ತಾದರೆ ಅರ್ಧ ಗಾಬರಿ ಅಲ್ಲೇ ಕಮ್ಮಿಯಾಗುತ್ತದೆ.

ಗುಬ್ಬಿಯವಳು:
ತುಂಬಾ ಉಪಕಾರ ಆಯ್ತು ಸರ್. ಹಾಗಾದರೆ ನಮ್ಮ ಕೆರೆಗೆ ಮೊಸಳೆ ಬರುವುದೇ ಇಲ್ಲ ಅಂತಲಾ?

ಶಿಂಷಾತೀರ:
ಹಾಗೆ ಖಡಾಖಂಡಿತವಾಗಿ ಹೇಳಲಾರೆ ಅಕ್ಕ. ಮಗ್ಗರ್ ರಾತ್ರಿ ಹೊತ್ತು ನೆಲದ ಮೇಲೆ ದೂರ ನಡೆಯಬಲ್ಲದು. ಬೇಸಿಗೆಯಲ್ಲಿ ಒಂದು ಗುಂಡಿ ಬತ್ತಿದರೆ ಇನ್ನೊಂದು ಹುಡುಕಿಕೊಂಡು ಹೋಗುತ್ತದೆ. ಇಲ್ಲವೇ ದಡದಲ್ಲಿ ಉದ್ದದ ಬಿಲ ತೋಡಿ ಒಳಗೆ ತಣ್ಣಗೆ ಸೇರಿಕೊಳ್ಳುತ್ತದೆ. ಶಿಂಷಾ ನಮ್ಮ ದೇವರಾಯನದುರ್ಗದ ಕಡೆ ಹುಟ್ಟಿ ಹೋಗಿ ಸೇರುವುದು ಕಾವೇರಿಗೆ, ಕಾವೇರಿಯಲ್ಲಿ ಮೊಸಳೆ ಇದ್ದೇ ಇದೆ. ಆದರೆ ಬಂದಿದೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಬೆಳಿಗ್ಗೆ ಬಿಸಿಲೇರಿದ ಮೇಲೆ, ನಾಲ್ಕು ಜನ ಜೊತೆಯಾಗಿ, ಏರಿಯ ಮೇಲಿನಿಂದಲೇ ಹಸಿ ಕೆಸರು ನೋಡಿ. ಮೊಸಳೆಯ ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕೇ. ಹಿಂಗಾಲಿನ ಬೆರಳಿನ ಮಧ್ಯೆ ಪೊರೆ. ಎರಡು ಸಾಲು ಹೆಜ್ಜೆಯ ನಡುವೆ ಬಾಲ ಎಳೆದ ಗೀರು. ನೀರಿಗೆ ಇಳಿಯುವಲ್ಲಿ ಹೊಟ್ಟೆ ಉಜ್ಜಿ ಕೆಸರು ನುಣ್ಣಗೆ ಜಾರುಬಂಡೆ ಆಗಿರುತ್ತದೆ. ಇಂಥದ್ದು ಕಂಡರೆ ಫೋಟೋ ತೆಗೆದು ವಲಯ ಅರಣ್ಯ ಕಚೇರಿಗೆ ತಿಳಿಸಿ, ಯಾರೂ ಸಿಗದಿದ್ದರೆ 112. ಹಗ್ಗ, ಬಲೆ ಹಿಡಿದು ಊರವರೇ ಇಳಿಯುವುದು ಮಾತ್ರ ಬೇಡ. ನಮ್ಮ ದೇಶದ ಮೂರೂ ಮೊಸಳೆ ಜಾತಿಗಳು (ಮಗ್ಗರ್, ಉಪ್ಪುನೀರಿನದು, ಗಂಗೆಯ ಕಡೆಯ ಉದ್ದ ಮೂತಿಯ ಘರಿಯಾಲ್) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿಗೆ ಯಾವ ರಕ್ಷಣೆಯೋ ಇವಕ್ಕೂ ಅದೇ.

ಮುಳಬಾಗಿಲು ರೈತ:
ನಮ್ಮ ಕೋಲಾರದ ಕಡೆಯದೂ ಸ್ವಲ್ಪ ಕೇಳಿ. ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ. ಜೊಂಡು ಬೆಳೆದಿದೆ, ಹಕ್ಕಿ ಬಂದಿವೆ. ನಮ್ಮ ತೋಟದ ಪಕ್ಕದ ಕೆರೆಯಲ್ಲಿ ಹುಡುಗರು "ಮೊಸಳೆ ಮರಿ" ಅಂತ ಕೂಗಿಕೊಂಡು ಓಡಿಬಂದರು. ಹೋಗಿ ನೋಡಿದರೆ ಒಂದು ಮಾರುದ್ದದ ಪ್ರಾಣಿ, ಕತ್ತೆತ್ತಿಕೊಂಡು ದಡದಲ್ಲಿ ಓಡಾಡುತ್ತಿತ್ತು, ನೀರಿಗೂ ಬಿತ್ತು. ನಮ್ಮ ತಂದೆ ಅದು ಉಡ ಅಂದರು. ಹುಡುಗರು ನಂಬುತ್ತಿಲ್ಲ.

ಶಿಂಷಾತೀರ:
ತಂದೆಯವರು ಹೇಳಿದ್ದೇ ಸರಿ ಅಣ್ಣ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ "ಮೊಸಳೆ ಮರಿ" ಸುದ್ದಿ ಬಂದರೆ ನಾನು ಮೊದಲು ಕೇಳುವುದು ನಾಲಿಗೆ ಬಗ್ಗೆ. ಉಡ ಸೀಳು ನಾಲಿಗೆಯನ್ನು ಹೊರಗೆ ಒಳಗೆ ಆಡಿಸುತ್ತಲೇ ಇರುತ್ತದೆ. ಮೊಸಳೆಗೆ ನಾಲಿಗೆ ಹೊರಗೆ ಚಾಚಲು ಬರುವುದೇ ಇಲ್ಲ, ಅದು ಬಾಯಿಯ ತಳಕ್ಕೆ ಅಂಟಿಕೊಂಡಿದೆ. ಕತ್ತು ಎತ್ತಿ ಅತ್ತಿತ್ತ ನೋಡುವುದೂ ಉಡದ ಚಾಳಿ. ಉಡದ ನಾಲ್ಕೂ ಕಾಲಿಗೆ ಐದೈದು ಬೆರಳು. ಮೊಸಳೆಯ ಬೆನ್ನಿನ ಮೇಲೆ ಮೂಳೆಯ ಫಲಕಗಳು ಸಾಲು ಸಾಲಾಗಿ ಇರುತ್ತವೆ, ಉಡದ ಚರ್ಮ ಸಣ್ಣ ಸಣ್ಣ ಕಾಳು ಕಾಳು. ಹುಡುಗರಿಗೆ ಇಷ್ಟು ಹೇಳಿ. ಉಡವನ್ನು ಹೊಡೆಯಬೇಡಿ ಅಂತಲೂ ಹೇಳಿ, ಅದೂ ಶೆಡ್ಯೂಲ್ 1ರ ಪ್ರಾಣಿ, ಮಾಂಸಕ್ಕೆ ಅಂತ ಅದನ್ನು ಹಿಡಿಯುವುದು ಇನ್ನೂ ನಿಂತಿಲ್ಲ.

ಶಿಡ್ಲಘಟ್ಟ ರೇಷ್ಮೆ:
ಸರ್, ಅಲಿಗೇಟರ್‌ಗೂ ಕ್ರೊಕೊಡೈಲ್‌ಗೂ ಏನು ವ್ಯತ್ಯಾಸ? ಮೂತಿ ಅಗಲ ಇದ್ದರೆ ಅಲಿಗೇಟರ್, ಚೂಪಾಗಿದ್ದರೆ ಕ್ರೊಕೊಡೈಲ್ ಅಂತ ಒಂದು ರೀಲ್‌ನಲ್ಲಿ ನೋಡಿದೆ. ಒಟ್ಟು ಎಷ್ಟು ಜಾತಿ ಅಂತ ಅಕ್ಕನ ಮಗಳು ಕೇಳಿದ ಪ್ರಶ್ನೆಗೂ ಉತ್ತರ ಬಂದಿಲ್ಲ.

ಶಿಂಷಾತೀರ:
ಜಾತಿಗಳ ಲೆಕ್ಕ ಈಗ 25 ದಾಟುತ್ತದೆ. ಹಳೆಯ ಪುಸ್ತಕದಲ್ಲಿ 23 ಅಂತ ಇರುತ್ತದೆ. ಹೆಚ್ಚಾದದ್ದು ಡಿಎನ್‌ಎ ಪರೀಕ್ಷೆ ಬಂದ ಮೇಲೆ. ನೈಲ್ ಮೊಸಳೆ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದುದು ನಿಜಕ್ಕೂ ಎರಡು ಜಾತಿ ಅಂತ 2011ರಲ್ಲಿ ಗೊತ್ತಾಯಿತು. ಪಶ್ಚಿಮ ಆಫ್ರಿಕಾದ್ದು ಬೇರೆ, ಸ್ವಲ್ಪ ಚಿಕ್ಕದು, ಸ್ವಭಾವವೂ ಸಾಧು. ಈಜಿಪ್ಟಿನವರು ಗುಡಿಯಲ್ಲಿ ಸಾಕಿ ಮಮ್ಮಿ ಮಾಡಿಟ್ಟ ಮೊಸಳೆಗಳಲ್ಲೂ ಈ ಜಾತಿಯ ಡಿಎನ್‌ಎ ಸಿಕ್ಕಿತು. ಆಮೇಲೆ 2018ರಲ್ಲಿ ಆಫ್ರಿಕಾದ ಸಪೂರ ಮೂತಿಯ ಮೊಸಳೆ ಎರಡಾಯಿತು, 2019ರಲ್ಲಿ ನ್ಯೂಗಿನಿ ದ್ವೀಪದ್ದೂ ಎರಡಾಯಿತು.

ಇವೆಲ್ಲ ಮೂರು ಕುಟುಂಬಕ್ಕೆ ಸೇರುತ್ತವೆ. ನಿಜವಾದ ಮೊಸಳೆಗಳದ್ದು ಒಂದು. ಅಲಿಗೇಟರ್, ಕೈಮನ್‌ಗಳದ್ದು ಇನ್ನೊಂದು. ಘರಿಯಾಲ್‌ದು ಮೂರನೆಯದು.

ಮೂತಿಯ ನಿಯಮ ನಮ್ಮ ದೇಶದಲ್ಲಿ ನಡೆಯುವುದಿಲ್ಲ ತಮ್ಮ. ಯಾಕೆಂದರೆ ಮಗ್ಗರ್‌ನ ಮೂತಿ ತುಂಬಾ ಅಗಲ, ಅದರ ಹತ್ತಿರದ ಬಳಗದಲ್ಲೇ ಎಲ್ಲಕ್ಕಿಂತ ಅಗಲ. ಆ ರೀಲ್ ನಂಬಿ ರಂಗನತಿಟ್ಟಿಗೆ ಹೋದರೆ ಅಲ್ಲಿರುವುದೆಲ್ಲ ಅಲಿಗೇಟರ್ ಅನ್ನಬೇಕಾಗುತ್ತದೆ! ನಂಬಬಹುದಾದ ಗುರುತು ಹಲ್ಲು. ಬಾಯಿ ಮುಚ್ಚಿದ್ದಾಗ ಕೆಳದವಡೆಯ ನಾಲ್ಕನೇ ಹಲ್ಲು, ಮುಂದಿನಿಂದ ಎಣಿಸಿ, ದೊಡ್ಡದಾಗಿ ಹೊರಗೆ ಕಾಣುತ್ತಿದ್ದರೆ ಅದು ಕ್ರೊಕೊಡೈಲ್. ಆ ಹಲ್ಲು ಕೂರಲು ಮೇಲ್ದವಡೆಯ ಪಕ್ಕದಲ್ಲಿ ಒಂದು ಕಚ್ಚು ಇರುತ್ತದೆ. ಅಲಿಗೇಟರ್‌ಗೆ ಆ ಹಲ್ಲು ಮೇಲ್ದವಡೆಯ ಗುಳಿಯೊಳಗೆ ಸೇರಿಹೋಗುತ್ತದೆ, ಹೊರಗೆ ಕಾಣುವುದಿಲ್ಲ.

ಅಲಿಗೇಟರ್ ಇರುವುದು ಎರಡೇ ಜಾತಿ. ಅಮೆರಿಕದ್ದು ಚಳಿ ತಡೆಯುವುದರಲ್ಲಿ ಎಲ್ಲರಿಗಿಂತ ಗಟ್ಟಿ. ಜೌಗು ಹೆಪ್ಪುಗಟ್ಟಿದಾಗ ಮೂಗಿನ ತುದಿ ಮಾತ್ರ ಮಂಜುಗಡ್ಡೆಯ ಮೇಲೆ ಇಟ್ಟುಕೊಂಡು ಉಸಿರಾಡುತ್ತಾ ಸುಮ್ನೆ ನಿಂತಿರುತ್ತದೆ. 1967ರಲ್ಲಿ ಅಳಿವಿನ ಅಂಚಿನ ಪಟ್ಟಿಯಲ್ಲಿತ್ತು, ಬೇಟೆ ನಿಲ್ಲಿಸಿದ್ದರಿಂದ 1987ರ ಹೊತ್ತಿಗೆ ಪಟ್ಟಿಯಿಂದ ಹೊರಗೆ ಬಂತು. ಇನ್ನೊಂದು ಚೀನಾದ್ದು, ಯಾಂಗ್ಟ್ಸೆ ನದಿಯ ಕೆಳಭಾಗದಲ್ಲಿ ಮಾತ್ರ, ಎರಡು ಮೀಟರ್ ಆಸುಪಾಸಿನ ಸಣ್ಣ ಪ್ರಾಣಿ. ಅದು ಬದುಕುತ್ತಿದ್ದ ಜೌಗನ್ನೆಲ್ಲ ಭತ್ತದ ಗದ್ದೆ ಮಾಡಿದರು, ಕಾಡಿನಲ್ಲಿ ಈಗ ತೀರಾ ಕಮ್ಮಿ ಉಳಿದಿವೆ. ಕೈಮನ್‌ಗಳು ದಕ್ಷಿಣ ಮತ್ತು ಮಧ್ಯ ಅಮೆರಿಕದವು. ಅದರಲ್ಲಿ ಕುಬ್ಜ ಕೈಮನ್ ಒಂದೂವರೆ ಮೀಟರ್‌ಗೆ ಬೆಳವಣಿಗೆ ನಿಲ್ಲಿಸುತ್ತದೆ. ಅದೇ ಬಳಗದ ಕಪ್ಪು ಕೈಮನ್ ಅಮೆಜಾನಿನಲ್ಲಿ ನಾಲ್ಕು ಮೀಟರ್ ದಾಟುತ್ತದೆ.

ತಿಪಟೂರು ತೆಂಗು:
ಎಲ್ಲಕ್ಕಿಂತ ದೊಡ್ಡದು ಯಾವುದು ಸರ್?

ಶಿಂಷಾತೀರ:
ಆ ವಿಡಿಯೋದಲ್ಲಿರುವುದೇ. ಉಪ್ಪುನೀರಿನ ಮೊಸಳೆ, ಇವತ್ತು ಬದುಕಿರುವ ಸರೀಸೃಪಗಳಲ್ಲೇ ದೊಡ್ಡದು. ಫಿಲಿಪ್ಪೀನ್ಸ್‌ನಲ್ಲಿ 2011ರಲ್ಲಿ ಹಿಡಿದ ಲೊಲಾಂಗ್ ಅನ್ನುವ ಗಂಡು 6.17 ಮೀಟರ್ ಉದ್ದ, 1,075 ಕಿಲೋ ತೂಕ ಇತ್ತು. 2013ರಲ್ಲಿ ಸತ್ತುಹೋಯಿತು. ನಾಲಿಗೆಯ ಮೇಲಿನ ಗ್ರಂಥಿಗಳಿಂದ ಹೆಚ್ಚಿನ ಉಪ್ಪು ಹೊರಹಾಕುತ್ತದೆ, ಹಾಗಾಗಿಯೇ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಬಲ್ಲದು. 2012ರಲ್ಲಿ ವಿಜ್ಞಾನಿಗಳು ಅಳೆದಾಗ ಇದರ ಕಡಿತದ ಬಲ 16,000 ನ್ಯೂಟನ್, ಅಂದರೆ ಸುಮಾರು 1,600 ಕಿಲೋ ಭಾರ ಇಟ್ಟಷ್ಟು, ದಾಟಿತ್ತು. ಆದರೆ ಬಾಯಿ ತೆರೆಯುವ ಸ್ನಾಯುಗಳು ಅಷ್ಟು ಬಲವಾಗಿಲ್ಲ, ಹಿಡಿಯುವವರು ಟೇಪ್ ಸುತ್ತಿ ಬಾಯಿ ಕಟ್ಟುವುದು ಅದಕ್ಕೇ. ಮನುಷ್ಯರ ಮೇಲೆ ದಾಳಿಯಲ್ಲಿ ಇದು ಮತ್ತು ನೈಲ್ ಮೊಸಳೆ ಮುಂದೆ. ಮಗ್ಗರ್ ಕೂಡ ಮನುಷ್ಯರನ್ನು ಕೊಂದದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಮೊಸಳೆ ಇರುವ ಹೊಳೆಗೆ ಸಂಜೆಗತ್ತಲಲ್ಲಿ ಇಳಿಯಬಾರದು ಅಷ್ಟೆ.

ಬರೋಡಾದ ಪಾವಗಡದವನು:
ನಾನು ಪಾವಗಡದವನು, ಕೆಲಸಕ್ಕೆ ವಡೋದರದಲ್ಲಿದ್ದೇನೆ. ಇಲ್ಲಿ ವಿಶ್ವಾಮಿತ್ರಿ ನದಿ ಊರ ಮಧ್ಯೆಯೇ ಹರಿಯುತ್ತದೆ, ಅದರ ತುಂಬ ಮಗ್ಗರ್. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನೋಡಿದರೆ ದಡದಲ್ಲಿ ಬಾಯಿ ತೆರೆದುಕೊಂಡು ಮಲಗಿರುತ್ತವೆ. 2019ರಲ್ಲಿ, ಮತ್ತೆ 2024ರಲ್ಲಿ ಪ್ರವಾಹ ಬಂದಾಗ ರಸ್ತೆಗೇ ಬಂದವು, ಸ್ವಯಂಸೇವಕರು, ಅರಣ್ಯದವರು ಹಿಡಿದು ವಾಪಸ್ ಬಿಟ್ಟರು. ಊರಿನವರು ಹೆದರುತ್ತಾರೆ, ಆದರೆ ಕೊಲ್ಲಿ ಅನ್ನುವುದಿಲ್ಲ. ಇಲ್ಲೇ ಗುಜರಾತಿನ ಚರೋತರ್ ಕಡೆಯ ಹಳ್ಳಿಗಳಲ್ಲಂತೂ ಕೆರೆಯ ಒಂದು ಕಡೆ ಮೊಸಳೆ, ಇನ್ನೊಂದು ಕಡೆ ಬಟ್ಟೆ ಒಗೆಯುವ ಹೆಂಗಸರು. ನಮ್ಮೂರಲ್ಲಿ ನೀರಿಗೇ ಬರ, ಅದಕ್ಕೆ ಈ ಪ್ರಾಣಿ ನೋಡಿ ನನಗೆ ಮೊದಮೊದಲು ಕೈಕಾಲು ನಡುಗುತ್ತಿತ್ತು. ಈಗ ಪ್ರತಿ ಚಳಿಗಾಲ ಕಾದು ನೋಡುತ್ತೇನೆ. ಅವು ಬಾಯಿ ಯಾಕೆ ತೆರೆದಿರುತ್ತವೆ ಸರ್?

ಶಿಂಷಾತೀರ:
ಮೈ ಕಾಯಿಸಿಕೊಳ್ಳುವಾಗ ತಲೆ ಜಾಸ್ತಿ ಬಿಸಿಯಾಗದಂತೆ. ಬಾಯಿಯ ಒದ್ದೆ ಚರ್ಮದಿಂದ ನೀರು ಆವಿಯಾಗಿ ತಂಪಾಗುತ್ತದೆ. ಅವುಗಳ ಮೈಗೆ ಬೆವರುವುದು ಗೊತ್ತಿಲ್ಲ.

ನಿಮ್ಮ ಅನುಭವ ಬರೆದದ್ದು ಒಳ್ಳೆಯದಾಯಿತು. ಮಗ್ಗರ್ ಬಗ್ಗೆ ನನಗೆ ಬಹಳ ಇಷ್ಟದ ಎರಡು ವಿಷಯ ಹೇಳುತ್ತೇನೆ. ಚೆನ್ನೈ ಹತ್ತಿರ ಮಹಾಬಲಿಪುರದ ದಾರಿಯಲ್ಲಿ ಮೊಸಳೆಗಳನ್ನು ಸಾಕಿ ಉಳಿಸುವ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಇದೆ. ಹಾವು, ಮೊಸಳೆಗಳ ತಜ್ಞ ರಾಮುಲಸ್ ವಿಟೇಕರ್ ಮತ್ತು ಜೊತೆಯವರು 1976ರಲ್ಲಿ ಶುರುಮಾಡಿದ್ದು. ಕೋಲಾರದವರಿಗೆ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ. ಅಲ್ಲಿ ಮಗ್ಗರ್‌ಗಳು ಮೂತಿಯ ಮೇಲೆ ಸಣ್ಣ ಕಡ್ಡಿಗಳನ್ನು ಇಟ್ಟುಕೊಂಡು, ಬೆಳ್ಳಕ್ಕಿಗಳು ಗೂಡು ಕಟ್ಟುವ ಮರದ ಕೆಳಗೆ ನೀರಿನಲ್ಲಿ ಅಲುಗಾಡದೆ ಇರುವುದನ್ನು ಗಮನಿಸಿದ್ದಾರೆ. ಗೂಡಿಗೆ ಕಡ್ಡಿ ಬೇಕು ಅಂತ ಹಕ್ಕಿ ಕೆಳಗೆ ಬಂದರೆ ಮುಗಿಯಿತು. ಅಮೆರಿಕದ ಅಲಿಗೇಟರ್ ಕೂಡ ಹೀಗೇ ಮಾಡುತ್ತದೆ, ಅದೂ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲೇ ಜಾಸ್ತಿ. 2013ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಬಂತು. ಸರೀಸೃಪಕ್ಕೆ ಬುದ್ಧಿ ಇಲ್ಲ ಅನ್ನುವವರು ಇದನ್ನು ಓದಬೇಕು.

ಎರಡನೆಯದು ಮರಿ ಮಾಡುವ ರೀತಿ. ಹೆಣ್ಣು ಮಗ್ಗರ್ ಬೇಸಿಗೆ ಶುರುವಿನಲ್ಲಿ ದಡದ ಮಣ್ಣಿನಲ್ಲಿ ಗುಂಡಿ ತೋಡಿ, ಇಪ್ಪತ್ತೈದು ಮೂವತ್ತು ಮೊಟ್ಟೆ ಇಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳು ಕಾಯುತ್ತದೆ. ಒಳಗೆ ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಅನ್ನುವುದು ಮಣ್ಣಿನ ಶಾಖದ ಮೇಲೆ. 31 ಡಿಗ್ರಿವರೆಗೆ ಹೆಣ್ಣು, 32.5ರ ಆಸುಪಾಸು ಹೆಚ್ಚಿನವು ಗಂಡು, ಅದಕ್ಕಿಂತ ಏರಿದರೆ ಮತ್ತೆ ಹೆಣ್ಣು ಜಾಸ್ತಿ. ಒಂದೆರಡು ಡಿಗ್ರಿಯಲ್ಲಿ ಇಡೀ ಗೂಡಿನ ಲೆಕ್ಕ ತಿರುಗುತ್ತದೆ, ಬಿಸಿಲು ವರ್ಷ ವರ್ಷ ಏರುತ್ತಿರುವಾಗ ಇದು ಚಿಂತೆಯ ವಿಷಯ. ದಿನ ತುಂಬಿದಾಗ ಮರಿಗಳು ಮೊಟ್ಟೆಯೊಳಗಿನಿಂದಲೇ ಕುಂಯ್ ಕುಂಯ್ ಅಂತ ಕೂಗುತ್ತವೆ. ತಾಯಿ ಅದನ್ನು ಕೇಳಿ ಗಟ್ಟಿಯಾದ ಮಣ್ಣನ್ನು ಕೆರೆದು ತೆಗೆಯುತ್ತದೆ. ಒಡೆಯದ ಮೊಟ್ಟೆಯನ್ನು ಬಾಯಲ್ಲಿಟ್ಟು ನಾಜೂಕಾಗಿ ಒತ್ತಿ ಬಿಡಿಸುತ್ತದೆ. ಮರಿಗಳನ್ನು ಅದೇ ಬಾಯಲ್ಲಿ ತುಂಬಿಕೊಂಡು ನೀರಿಗೆ ಬಿಡುತ್ತದೆ. ದನದ ಮೂಳೆ ಪುಡಿ ಮಾಡುವ ದವಡೆ ಅದು! ಕ್ರೊಕೊಡೈಲ್ ಬ್ಯಾಂಕಿನಲ್ಲಿ ಗಂಡು ಮಗ್ಗರ್ ಕೂಡ ಮರಿ ಎತ್ತಿಕೊಂಡು ಹೋಗಿದ್ದನ್ನು ದಾಖಲು ಮಾಡಿದ್ದಾರೆ.

ಗುಬ್ಬಿಯವಳು:
ಇದನ್ನು ಮಗಳಿಗೆ ಓದಿ ಹೇಳಿದೆ ಸರ್. ಗಂಗಾ ನದಿಯ ಉದ್ದ ಮೂತಿಯದು ಮನುಷ್ಯರನ್ನು ತಿನ್ನುತ್ತದಾ ಅಂತ ಕೇಳುತ್ತಿದ್ದಾಳೆ.

ಶಿಂಷಾತೀರ:
ಘರಿಯಾಲ್. ಇಲ್ಲ, ಅದರ ಊಟ ಮೀನು. ಸಪೂರ ಮೂತಿಯಲ್ಲಿ ನೂರಕ್ಕೂ ಹೆಚ್ಚು ಚೂಪು ಹಲ್ಲು, ನೀರಿನಲ್ಲಿ ಪಕ್ಕಕ್ಕೆ ಬೀಸಿ ಮೀನು ಹಿಡಿಯುತ್ತದೆ. ದೊಡ್ಡ ಪ್ರಾಣಿ ಹಿಡಿಯಲು ಆ ಮೂತಿ ಆಗುವುದಿಲ್ಲ. ಬೆಳೆದ ಗಂಡಿನ ಮೂಗಿನ ತುದಿಯಲ್ಲಿ ಮಡಕೆ ಕವುಚಿಟ್ಟ ಹಾಗೆ ಒಂದು ಗಂಟು ಇರುತ್ತದೆ, ಅದರಿಂದ ಬುಸುಗುಟ್ಟುವ ಸದ್ದು ದೂರಕ್ಕೆ ಕೇಳುತ್ತದೆ. ದೊಡ್ಡವಾದ ಮೇಲೆ ನೆಲದ ಮೇಲೆ ಎದ್ದು ನಡೆಯಲೂ ಬರುವುದಿಲ್ಲ, ಹೊಟ್ಟೆ ಎಳೆದುಕೊಂಡೇ ಹೋಗಬೇಕು.

ನಮ್ಮ ದೇಶದ ಮೂರು ಜಾತಿಗಳಲ್ಲಿ ನನಗೆ ತುಂಬಾ ಸಂಕಟ ಇದರ ಬಗ್ಗೆಯೇ. ಇದು ಅಳಿವಿನ ತೀರಾ ಅಂಚಿನಲ್ಲಿದೆ. 1975ರಲ್ಲಿ ಕೇಂದ್ರ ಸರ್ಕಾರ ಮೊಸಳೆ ಯೋಜನೆ ಶುರುಮಾಡಿ, ಮೊಟ್ಟೆ ತಂದು ಮರಿ ಮಾಡಿಸಿ ಬೆಳೆಸಿ ನದಿಗೆ ಬಿಟ್ಟರು. ಮಗ್ಗರ್, ಉಪ್ಪುನೀರಿನ ಮೊಸಳೆ ಚೆನ್ನಾಗಿಯೇ ಚೇತರಿಸಿಕೊಂಡವು. ಘರಿಯಾಲ್‌ಗೆ ಹರಿಯುವ ಶುದ್ಧ ನದಿ ಬೇಕು, ಮೊಟ್ಟೆ ಇಡಲು ಮರಳ ದಿಬ್ಬ ಬೇಕು. ಅಣೆಕಟ್ಟು ಕಟ್ಟಿದೆವು, ಮರಳು ಎತ್ತಿದೆವು, ಬಲೆ ಹಾಕಿದೆವು. ಈಗ ಅದಕ್ಕೆ ದೊಡ್ಡ ಆಸರೆ ಚಂಬಲ್ ನದಿ ಒಂದೇ. ಅಲ್ಲೂ 2007-08ರ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಘರಿಯಾಲ್ ಸತ್ತು ತೇಲಿದವು. ನಮ್ಮ ಜಯಮಂಗಲಿ, ಪಾಲಾರ್ ಹಳ್ಳಗಳಲ್ಲಿ ಮರಳು ತೆಗೆದು ಬಾವಿ ಬತ್ತಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಡ್ಲಘಟ್ಟ ರೇಷ್ಮೆ:
ಕಾಸರಗೋಡು ಹತ್ತಿರ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ? ಅದು ಬರೀ ಪ್ರಸಾದ ತಿಂದು ಬದುಕಿತ್ತು ಅಂತಾರಲ್ಲ. ಅದು ಯಾವ ಜಾತಿ?

ಶಿಂಷಾತೀರ:
ಬಬಿಯಾ ಕೂಡ ಮಗ್ಗರ್. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಸಾವಿರಾರು ಜನ ಬಂದು ನೋಡಿದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಅರ್ಚಕರು ಕೊಡುತ್ತಿದ್ದ ಅನ್ನದ ಪ್ರಸಾದ ಅದು ತಿನ್ನುತ್ತಿತ್ತು, ಅಷ್ಟು ವರ್ಷ ಯಾರಿಗೂ ತೊಂದರೆ ಕೊಡಲಿಲ್ಲ ಅಂತ ಅಲ್ಲಿಯವರು ಹೇಳುತ್ತಾರೆ. ಆದರೆ ಮೊಸಳೆಯ ಹೊಟ್ಟೆ ಮಾಂಸ ಕರಗಿಸಲು ಆಗಿರುವಂಥದ್ದು, ಬರೀ ಅನ್ನದಲ್ಲಿ ದಶಕಗಟ್ಟಲೆ ಬದುಕಲು ಆಗುವುದಿಲ್ಲ. ಕೆರೆಯಲ್ಲಿ ಮೀನಿತ್ತು. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ಜನ ಅದಕ್ಕೆ ಜಾಗ ಬಿಟ್ಟರು, ಹೊಟ್ಟೆ ತುಂಬಿದ ಪ್ರಾಣಿ ತನ್ನ ಪಾಡಿಗೆ ತಾನು ಇತ್ತು.

ಮುಳಬಾಗಿಲು ರೈತ:
ಗಂಡಿಲ್ಲದೆ ಮೊಟ್ಟೆ ಇಟ್ಟ ಮೊಸಳೆ ಅಂತ ಒಂದು ಸುದ್ದಿ ಓದಿದ್ದೆ. ಅದೂ ಸುಳ್ಳಾ?

ಶಿಂಷಾತೀರ:
ಅದು ನಿಜ. ಕೋಸ್ಟರಿಕಾದಲ್ಲಿ ಒಂದು ಹೆಣ್ಣು ಅಮೆರಿಕನ್ ಮೊಸಳೆ 16 ವರ್ಷ ಒಂಟಿಯಾಗಿಯೇ ಇತ್ತು. 2018ರಲ್ಲಿ 14 ಮೊಟ್ಟೆ ಇಟ್ಟಿತು. ಒಂದರಲ್ಲಿ ಪೂರ್ತಿ ಬೆಳೆದ ಮರಿ ಇತ್ತು, ಜೀವ ಇರಲಿಲ್ಲ. ಡಿಎನ್‌ಎ ನೋಡಿದರೆ ಎಲ್ಲವೂ ತಾಯಿಯದೇ. 2023ರಲ್ಲಿ ಪ್ರಕಟವಾಯಿತು.

ತಿಪಟೂರು ತೆಂಗು:
ಮಕ್ಕಳಿಗೆ ತೋರಿಸಬೇಕು ಅಂದರೆ ನಮಗೆ ಹತ್ತಿರ ಎಲ್ಲಿ?

ಶಿಂಷಾತೀರ:
ಹೊಳೆಯಲ್ಲಿ ನೋಡಬೇಕು ಅಂದರೆ ಶ್ರೀರಂಗಪಟ್ಟಣದ ರಂಗನತಿಟ್ಟು. ಡಿಸೆಂಬರ್, ಜನವರಿ ಬೆಳಿಗ್ಗೆ ಹೋಗಿ, ಚಳಿಗೆ ಬಂಡೆ ಮೇಲೆ ಮೈ ಕಾಯಿಸಲು ಬರುತ್ತವೆ. ದೋಣಿಯವರು ಸಾಕಷ್ಟು ಹತ್ತಿರ ಕರೆದುಕೊಂಡು ಹೋಗುತ್ತಾರೆ, ಕೈ ಮಾತ್ರ ದೋಣಿಯ ಒಳಗೇ ಇರಲಿ. ದೂರ ಹೋಗುವುದಾದರೆ ದಾಂಡೇಲಿಯ ಕಾಳಿ ನದಿ, ತುಂಗಭದ್ರೆಯಲ್ಲಿ ಹಂಪಿ ಕಡೆಯೂ ಇವೆ. ಹಲವು ಜಾತಿ ಒಂದೇ ಕಡೆ ಬೇಕು ಅಂದರೆ ನಾನು ಹೇಳಿದ ಮದ್ರಾಸಿನದು, ಘರಿಯಾಲ್ ಕೂಡ ಅಲ್ಲಿದೆ. ಮಕ್ಕಳಿಗೆ ಬಾಯಿ ಮುಚ್ಚಿರುವ ಮಗ್ಗರ್ ಒಂದನ್ನು ಪಕ್ಕದಿಂದ ತೋರಿಸಿ, ಕೆಳದವಡೆಯ ನಾಲ್ಕನೇ ಹಲ್ಲು ಹುಡುಕಲು ಹೇಳಿ. ಮೂತಿಯ ಸುತ್ತ ಕಪ್ಪು ಚುಕ್ಕೆಗಳೂ ಕಾಣುತ್ತವೆ. ನೀರು ಸ್ವಲ್ಪ ಅಲುಗಿದರೂ ಗೊತ್ತಾಗುವುದು ಆ ಚುಕ್ಕೆಗಳಿಂದಲೇ, ಕತ್ತಲಲ್ಲಿ ಬೇಟೆ ಹಿಡಿಯುವುದೂ ಅದರಿಂದಲೇ. ದುರ್ಬೀನು ಒಂದಿದ್ದರೆ ತೆಗೆದುಕೊಂಡು ಹೋಗಿ.